1966ಕ್ಕಿಂತ ಹಿಂದಿನ ಪುಟಗಳು: ಒಂದು ಡೇಟಾಬೇಸ್ ಹುಡುಕಾಟದ ಪ್ರಕರಣ ಅಧ್ಯಯನ

ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ನನಗೆ ಪ್ರತಿ ವರ್ಷ ಸಿನಾಪ್ಸಿಸ್ (ಪಿಜಿ ವಿದ್ಯಾರ್ಥಿಗಳ ಪ್ರಬಂಧದ ರೂಪುರೇಷೆ) ಸಮಯ ಬಂದರೆ ಒಂದೇ ಸಾಲು ಹತ್ತಾರು ಸಲ ಕಣ್ಣಿಗೆ ಬೀಳುತ್ತದೆ. ‘ಪಬ್‌ಮೆಡ್ ಮತ್ತು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಲಾಯಿತು.’ ಇವೆರಡೂ ಸಂಶೋಧನಾ ಲೇಖನಗಳನ್ನು ಹುಡುಕುವ ಆನ್‌ಲೈನ್ ತಾಣಗಳು. ಯಾವತ್ತು ಹುಡುಕಿದರು, ಯಾವ ಪದ ಹಾಕಿದರು, ಎಷ್ಟು ಸಿಕ್ಕಿತು, ಯಾವ ವರ್ಷದಿಂದ ನೋಡಿದರು, ಇದ್ಯಾವುದೂ ಇರುವುದಿಲ್ಲ. ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲೆ ಬಂದ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ತೂಗುವ ಲೇಖನ) ಬರೆಯಲು ಹೊರಟವರೂ ಕೆಲವೊಮ್ಮೆ ಇಷ್ಟಕ್ಕೇ ನಿಲ್ಲಿಸುತ್ತಾರೆ.

ಈ ಸಾಲು ಯಾಕೆ ಸಾಲದು ಎಂದು ಹೇಳಬೇಕಾದಾಗ ನಾನು ಬಾಲ್ಟಿಮೋರ್‌ನಲ್ಲಿ 2001ರಲ್ಲಿ ನಡೆದ ಘಟನೆ ಹೇಳುತ್ತೇನೆ. ಅದು ರಿವ್ಯೂ ಲೇಖನದ ಕತೆಯಲ್ಲ. ಪ್ರಯೋಗಕ್ಕೆ ಮೊದಲು ಮಾಡಿದ ಸಾಹಿತ್ಯ ಹುಡುಕಾಟದ ಕತೆ. ಆದರೆ ಹುಡುಕಾಟವನ್ನು ಹೇಗೆ ಬರೆದಿಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಏನಾಯಿತು

ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಆಸ್ತಮಾ ಮತ್ತು ಅಲರ್ಜಿ ಕೇಂದ್ರದಲ್ಲಿ ಆಗ ಒಂದು ಅಧ್ಯಯನ ನಡೆಯುತ್ತಿತ್ತು. ಆರೋಗ್ಯವಂತರು ಆಳವಾಗಿ ಉಸಿರೆಳೆದರೆ ಶ್ವಾಸನಾಳಗಳು ತೆರೆದುಕೊಳ್ಳುತ್ತವೆ. ಆಸ್ತಮಾ ಇರುವವರಲ್ಲಿ ಈ ರಕ್ಷಣೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದರ ಹಿಂದೆ ನರಗಳ ಪಾತ್ರ ಇದೆಯಾ ಎಂದು ಸಂಶೋಧಕರು ತಿಳಿಯಬೇಕಿತ್ತು. ಅದಕ್ಕಾಗಿ ಹೆಕ್ಸಮೆಥೋನಿಯಂ ಎಂಬ ಔಷಧವನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಉಸಿರಿನ ಮೂಲಕ ಕೊಟ್ಟರು. ನರಗಂಟುಗಳಲ್ಲಿ ಸಂದೇಶ ದಾಟದ ಹಾಗೆ ತಡೆಯುವ ಔಷಧ ಅದು.

ಈ ಔಷಧಕ್ಕೆ ಹಳೆಯ ಇತಿಹಾಸ ಇದೆ. ವಿಲಿಯಂ ಪೇಟನ್ ಮತ್ತು ಎಲೀನರ್ ಜೈಮಿಸ್ 1948ರಲ್ಲಿ ಮೆಥೋನಿಯಂ ಗುಂಪಿನ ರಾಸಾಯನಿಕಗಳ ಗುಣಗಳನ್ನು ವಿವರಿಸಿದ್ದರು. 1950ರ ದಶಕದಲ್ಲಿ ವಿಪರೀತ ಬಿಪಿ ಇದ್ದ ರೋಗಿಗಳಿಗೆ ಹೆಕ್ಸಮೆಥೋನಿಯಂ ದೊಡ್ಡ ಆಸರೆಯಾಗಿತ್ತು. ಆಮೇಲೆ ಒಳ್ಳೆಯ ಔಷಧಗಳು ಬಂದವು, ಇದು ಹಿಂದೆ ಸರಿಯಿತು. 1972ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಅನುಮತಿ ಹಿಂತೆಗೆದುಕೊಂಡಿತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಾತ್ರ ನರಗಂಟು ತಡೆಯುವ ಸಾಧನವಾಗಿ ಬಳಕೆಯಲ್ಲಿ ಉಳಿಯಿತು. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂವರು ಈ ಔಷಧ ತೆಗೆದುಕೊಂಡರು. ಮೊದಲನೆಯವರಿಗೆ ಕೆಮ್ಮು, ಏದುಸಿರು ಬಂತು, ಆಮೇಲೆ ಹೋಯಿತು. ಎರಡನೆಯವರಿಗೆ ಏನೂ ಆಗಲಿಲ್ಲ. ಮೂರನೆಯವರು ಅದೇ ಕೇಂದ್ರದಲ್ಲಿ ಟೆಕ್ನಿಷಿಯನ್ ಆಗಿದ್ದ 24 ವರ್ಷದ ಯುವತಿ. ಮೇ 4ರಂದು ಆಕೆ ಸುಮಾರು 1 ಗ್ರಾಂನಷ್ಟು ಔಷಧವನ್ನು ಉಸಿರಾಡಿದಳು. ಮರುದಿನ ಕೆಮ್ಮು ಶುರುವಾಯಿತು. ಮೇ 9ರಂದು ಆಸ್ಪತ್ರೆಗೆ ಸೇರಿದಳು. ಶ್ವಾಸಕೋಶ ಕೈಕೊಟ್ಟಿತು. ಜೂನ್ 2ರಂದು ತೀರಿಕೊಂಡಳು.

ಜುಲೈ 19ರಂದು ಅಮೆರಿಕ ಸರ್ಕಾರದ ಮಾನವ ಸಂಶೋಧನಾ ರಕ್ಷಣಾ ಕಚೇರಿ, ಸರ್ಕಾರದ ಹಣದಲ್ಲಿ ಅಲ್ಲಿ ಮನುಷ್ಯರ ಮೇಲೆ ನಡೆಯುತ್ತಿದ್ದ ಹೆಚ್ಚುಕಡಿಮೆ ಎಲ್ಲ ಅಧ್ಯಯನಗಳನ್ನೂ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಷರತ್ತುಗಳ ಮೇಲೆ ಹಂತಹಂತವಾಗಿ ಮತ್ತೆ ಶುರು ಮಾಡಲು ಬಿಟ್ಟಿತು. ಎತ್ತಿದ ಆಕ್ಷೇಪಗಳು ಹಲವು. ಮೊದಲ ಸ್ವಯಂಸೇವಕರ ಕೆಮ್ಮಿನ ವಿಷಯವನ್ನು, ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಸಕಾಲದಲ್ಲಿ ತಿಳಿಸಿರಲಿಲ್ಲ. ಉಸಿರಿನ ಮೂಲಕ ಕೊಡಲು ಎಫ್‌ಡಿಎ ಅನುಮತಿ ಇಲ್ಲ ಎಂಬುದು ಒಪ್ಪಿಗೆ ಪತ್ರದಲ್ಲಿ ಇರಲಿಲ್ಲ. ಇವೆಲ್ಲ ತೂಕದ ವಿಷಯಗಳೇ. ಆದರೆ ಲೈಬ್ರರಿಯವಳಾಗಿ ನನ್ನ ಕಣ್ಣು ನಿಲ್ಲುವುದು ಇನ್ನೊಂದು ಆಕ್ಷೇಪದ ಮೇಲೆ: ಹೆಕ್ಸಮೆಥೋನಿಯಂ ಶ್ವಾಸಕೋಶಕ್ಕೆ ಹಾನಿ ಮಾಡಬಹುದು ಎಂದು ಮೊದಲೇ ಅಚ್ಚಾಗಿದ್ದ ಮಾಹಿತಿ ಸಂಶೋಧಕರ ಕೈಗೂ ಸಿಗಲಿಲ್ಲ, ಕಮಿಟಿಯ ಕೈಗೂ ಸಿಗಲಿಲ್ಲ.

ಹುಡುಕಾಟ ಹೇಗಿತ್ತು

ಸಂಶೋಧಕರು ಹುಡುಕಲೇ ಇಲ್ಲ ಅಂತಲ್ಲ. ಪಬ್‌ಮೆಡ್ ನೋಡಿದ್ದರು. ಪಠ್ಯಪುಸ್ತಕಗಳನ್ನು ನೋಡಿದ್ದರು. ಈ ಔಷಧವನ್ನು ಉಸಿರಿನ ಮೂಲಕ ಕೊಟ್ಟಿದ್ದ ಹಳೆಯ ನಾಲ್ಕು ಅಧ್ಯಯನಗಳು ಅವರ ಕೈಯಲ್ಲಿದ್ದವು. ನಾಲ್ಕರಲ್ಲೂ ಸೇರಿ ಇದ್ದವರು 20 ಜನ. ಅಷ್ಟರ ಮೇಲೆ ಭದ್ರ ಎಂದು ನಂಬಿ ಮುಂದುವರಿದರು.

ತೊಡಕು ಎಲ್ಲಿತ್ತು ಎಂದರೆ, 2001ರ ಪಬ್‌ಮೆಡ್‌ನಲ್ಲಿ ಮೆಡ್‌ಲೈನ್ ದಾಖಲೆಗಳು (ಪಬ್‌ಮೆಡ್‌ನ ಒಳಗಿರುವ ಮುಖ್ಯ ಲೇಖನ ಸೂಚಿ ಅದು) ಶುರುವಾಗುತ್ತಿದ್ದದ್ದೇ 1966ರಿಂದ. ಹೆಕ್ಸಮೆಥೋನಿಯಂ ಅನ್ನು ರೋಗಿಗಳಿಗೆ ಧಾರಾಳವಾಗಿ ಕೊಟ್ಟದ್ದು 1950ರ ದಶಕದಲ್ಲಿ. ಅದರ ಕೆಟ್ಟ ಪರಿಣಾಮಗಳನ್ನು ವೈದ್ಯರು ಕಂಡು ಬರೆದದ್ದೂ ಆಗಲೇ. ಉದಾಹರಣೆಗೆ 1954ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ, ಬಿಪಿಗಾಗಿ ಈ ಔಷಧ ಪಡೆದವರ ಶ್ವಾಸಕೋಶದಲ್ಲಿ ಆದ ಬದಲಾವಣೆಗಳ ಬಗ್ಗೆ ಒಂದು ಲೇಖನ ಬಂದಿತ್ತು. 1966ರಿಂದ ಶುರುವಾಗುವ ಪೆಟ್ಟಿಗೆಯಲ್ಲಿ ಅದು ಇರಲು ಸಾಧ್ಯವಿರಲಿಲ್ಲ.

ಆ ಕಾಲದ ಲೇಖನಗಳಿಗೆ ದಾರಿ ಇದ್ದದ್ದು ಅಚ್ಚಿನ ಸೂಚಿಗಳಲ್ಲಿ. ಲೈಬ್ರರಿಯ ಕಪಾಟಿನಲ್ಲಿ ಸಾಲಾಗಿ ಕೂತ ದಪ್ಪ ಸಂಪುಟಗಳು, ಕ್ವಾರ್ಟರ್ಲಿ ಕ್ಯುಮುಲೇಟಿವ್ ಇಂಡೆಕ್ಸ್ ಮೆಡಿಕಸ್‌ನಂಥವು. ಈ ಸೂಚಿಗಳ ಮೂಲ ಇಂಡೆಕ್ಸ್ ಮೆಡಿಕಸ್ ಅನ್ನು 1879ರಲ್ಲಿ ಶುರು ಮಾಡಿದವರು ಜಾನ್ ಶಾ ಬಿಲ್ಲಿಂಗ್ಸ್. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮೂಲ ನಕ್ಷೆ ಹಾಕಿಕೊಟ್ಟವರೂ ಅವರೇ. ಇದನ್ನು ಮೊದಲ ಸಲ ಓದಿದ ದಿನ ನನಗೆ ತುಂಬ ಹೊತ್ತು ಬೇರೆ ಕೆಲಸ ಮಾಡಲು ಆಗಲಿಲ್ಲ.

ಆದರೆ 1966 ಒಂದೇ ಕಾರಣವೇ?

ಇಲ್ಲಿಯವರೆಗಿನ ಕತೆ ಹಲವರಿಗೆ ಗೊತ್ತು. ‘ಹಳೆಯದನ್ನೂ ನೋಡಿ’ ಎಂಬ ಪಾಠಕ್ಕೆ ಇದನ್ನು ಬಳಸುತ್ತಾರೆ. ನನಗೆ ಅದು ಅರ್ಧ ಪಾಠ ಅನ್ನಿಸುತ್ತದೆ. ಯಾಕೆಂದರೆ ಸರ್ಕಾರಿ ಕಚೇರಿ ತನ್ನ ಪತ್ರದಲ್ಲಿ ಹೇಳಿದ್ದು ಬೇರೆಯೇ: ಸಾಮಾನ್ಯ ಮೆಡ್‌ಲೈನ್ ಮತ್ತು ಇಂಟರ್ನೆಟ್ ಹುಡುಕಾಟದಲ್ಲಿ, ಶ್ವಾಸಕೋಶದ ಪೆಥಾಲಜಿಯ ಇತ್ತೀಚಿನ ಪಠ್ಯಪುಸ್ತಕಗಳಲ್ಲಿ ಕೂಡ, ಈ ಮಾಹಿತಿ ಸುಲಭವಾಗಿ ಸಿಗುತ್ತಿತ್ತು. ಅಂದರೆ 1966ರ ಈಚೆಯೂ ಸುಳಿವು ಇತ್ತು.

ಹಾಗಾದರೆ ತಪ್ಪಿದ್ದು ಎಲ್ಲಿ? ವರ್ಷದ ಗಡಿಯಲ್ಲಾ, ಹಾಕಿದ ಪದದಲ್ಲಾ, ಸಿಕ್ಕಿದ್ದನ್ನು ಸೋಸಿದ ರೀತಿಯಲ್ಲಾ? ನಾನು ಓದಿದ ಯಾವ ವರದಿಯಲ್ಲೂ ಹುಡುಕಾಟದ ನಿಜವಾದ ಸಾಲುಗಳು ಕಾಣಲಿಲ್ಲ. ‘ಪಬ್‌ಮೆಡ್, 1966ರಿಂದ’ ಅಷ್ಟೇ. ಒಂದು ಸಾವಿನ ನಂತರ, ಅಷ್ಟೊಂದು ತಜ್ಞರು ಕೂತು ನೋಡಿದ ಮೇಲೂ, ನಮ್ಮಂಥ ಓದುಗರು ಊಹೆಯಲ್ಲೇ ಉಳಿಯಬೇಕಾಗಿದೆ. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ಊಹೆ ಎಷ್ಟು ಕಡೆ ಹೋಗಬಹುದು, ನೋಡಿ. ಪ್ರಾಣಿಗಳ ಪ್ರಯೋಗದಲ್ಲಿ ಈ ಔಷಧ ಸಾಧನವಾಗಿ ಉಳಿಯಿತು ಅಂದೆನಲ್ಲ, ಅದಕ್ಕೇ ‘ಹೆಕ್ಸಮೆಥೋನಿಯಂ’ ಎಂದು ಒಂದೇ ಪದ ಹಾಕಿದರೆ ಬೆಕ್ಕು, ಇಲಿ, ಗಿನಿಯಿಲಿಗಳ ಲೇಖನಗಳ ರಾಶಿಯೇ ಬೀಳುತ್ತದೆ. ಯಾರೇ ಆದರೂ ಅದನ್ನು ಕಿರಿದು ಮಾಡುತ್ತಾರೆ. ಹೇಗೆ ಕಿರಿದು ಮಾಡಿದರು ಅನ್ನುವುದೇ ಮುಖ್ಯ. ‘ಮನುಷ್ಯರು ಮಾತ್ರ’ ಎಂಬ ಮಿತಿ ಹಾಕಿದರಾ? ‘ಉಸಿರಿನ ಮೂಲಕ’ ಎಂಬ ಪದ ಸೇರಿಸಿದರಾ? ಸೇರಿಸಿದ್ದರೆ, ಇಂಜೆಕ್ಷನ್ ಆಗಿ ಪಡೆದ ರೋಗಿಗಳ ಶ್ವಾಸಕೋಶದ ಕತೆ ಅಲ್ಲೇ ಬಿಟ್ಟುಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಮೆಡ್‌ಲೈನ್‌ನಲ್ಲಿ ಲೇಖನಗಳ ಸಾರಾಂಶ ಬರತೊಡಗಿದ್ದು 1975ರ ಸುಮಾರಿಗೆ. ಅದಕ್ಕಿಂತ ಹಳೆಯ ದಾಖಲೆಗಳಲ್ಲಿ ಶೀರ್ಷಿಕೆ ಮತ್ತು ವಿಷಯಪದ (ಲೇಖನದ ವಿಷಯ ಸೂಚಿಸಲು ಡೇಟಾಬೇಸಿನವರು ಹಚ್ಚುವ ಪದ) ಬಿಟ್ಟರೆ ಹುಡುಕಲು ಹೆಚ್ಚೇನೂ ಇರುವುದಿಲ್ಲ. ನಾನು ಹೇಳಿದ 1954ರ ಲೇಖನದ ಶೀರ್ಷಿಕೆಯಲ್ಲಿ ‘ಲಂಗ್ ಚೇಂಜಸ್’ ಎಂದಿದೆ. ‘ಟಾಕ್ಸಿಸಿಟಿ’ ಎಂದಿಲ್ಲ, ‘ಫೈಬ್ರೋಸಿಸ್’ ಎಂದೂ ಇಲ್ಲ. ಈ ಕಾಲದ ನಾವು ಈ ಕಾಲದ ಪದಗಳನ್ನೇ ಹಾಕಿದರೆ, ದಾಖಲೆ ಕಣ್ಣೆದುರೇ ಇದ್ದರೂ ಬಲೆಗೆ ಬೀಳುವುದಿಲ್ಲ. ಔಷಧಕ್ಕೂ ಬೇರೆ ಹೆಸರುಗಳಿದ್ದವು. ಬ್ರಿಟನ್‌ನಲ್ಲಿ ವೆಗೋಲೈಸೆನ್, ಅಮೆರಿಕದಲ್ಲಿ ಬಿಸ್ಟ್ರಿಯಂ, ಮೆಥಿಯಂ. ಲ್ಯಾಬಿನಲ್ಲಿ ಬರೀ ಸಿ6.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಹಳೆಯ ಲೇಖನಗಳು ಸಿಕ್ಕಿದ್ದರೆ ಪ್ರಯೋಗ ಖಂಡಿತ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆ ರೋಗಿಗಳು ಮೊದಲೇ ತೀವ್ರ ಕಾಯಿಲೆಯವರು, ಔಷಧವನ್ನು ತಿಂಗಳುಗಟ್ಟಲೆ ತೆಗೆದುಕೊಂಡವರು. ಆರೋಗ್ಯವಂತರಿಗೆ ಒಂದು ಸಲ ಉಸಿರಲ್ಲಿ ಕೊಡುವುದು ಬೇರೆ ಎಂದು ವಾದ ಮಾಡಬಹುದಿತ್ತು. ಆದರೆ ಆ ವಾದ ನಡೆಯಬೇಕಿತ್ತು ಅಲ್ವಾ? ಕಮಿಟಿಯ ಮೇಜಿನ ಮೇಲೆ ಆ ಲೇಖನಗಳನ್ನು ಇಟ್ಟುಕೊಂಡು, ಆ ಯುವತಿಗೂ ಅದರ ವಿಷಯ ಹೇಳಿ ನಡೆಯಬೇಕಿತ್ತು.

ಬರೆದಿದ್ದರೆ ಏನು ಕಾಣುತ್ತಿತ್ತು

ಹುಡುಕಾಟವನ್ನು ಬರೆದಿಡುವುದು ಪ್ರಕಾಶಕರ ಕಿರಿಕಿರಿಗಾಗಿ ಮಾಡುವ ಗುಮಾಸ್ತಗಿರಿ ಎಂದು ಹಲವರು ಅಂದುಕೊಂಡಿದ್ದಾರೆ. ನನಗೆ ಅದು ಬೇಲಿ ತೋರಿಸುವ ಕೆಲಸ. ಎಲ್ಲಿ ನೋಡಿದೆ ಎಂದು ಪೂರ್ತಿ ಬರೆದಾಗ, ಎಲ್ಲಿ ನೋಡಿಲ್ಲ ಎಂಬುದು ತಾನಾಗಿಯೇ ಕಾಣುತ್ತದೆ. ಬರೆದವರಿಗೆ ಕಾಣದಿದ್ದರೂ ಪಕ್ಕದವರಿಗೆ ಕಾಣುತ್ತದೆ.

ಸಂಶೋಧಕರು ಕಮಿಟಿಗೆ ಕೊಟ್ಟ ಅರ್ಜಿಯ ಜೊತೆ ಒಂದು ಪುಟ ಹೀಗೆ ಇದ್ದಿದ್ದರೆ ಎಂದು ಯೋಚಿಸಿ. ಇದು ನಾನೇ ಕಟ್ಟಿದ ಮಾದರಿ, ನಿಜವಾಗಿ ನಡೆದ ಹುಡುಕಾಟವಲ್ಲ. ‘ಆರ್’ ಎಂದರೆ ಯಾವುದಾದರೂ ಒಂದು ಇದ್ದರೂ ಸಾಕು, ‘ಆ್ಯಂಡ್’ ಎಂದರೆ ಎರಡೂ ಇರಬೇಕು.

ಡೇಟಾಬೇಸ್: ಮೆಡ್‌ಲೈನ್. ವೇದಿಕೆ: ಪಬ್‌ಮೆಡ್. ಒಳಗೊಂಡ ಅವಧಿ: 1966ರಿಂದ ಹುಡುಕಿದ ದಿನದವರೆಗೆ. ಹುಡುಕಿದ ದಿನ: ದಿನಾಂಕ, ತಿಂಗಳು, ವರ್ಷ.
1. ಹೆಕ್ಸಮೆಥೋನಿಯಂ ಕಾಂಪೌಂಡ್ಸ್ (ವಿಷಯಪದ)
2. ಹೆಕ್ಸಮೆಥೋನಿಯಂ ಆರ್ ಮೆಥೋನಿಯಂ ಆರ್ ಬಿಸ್ಟ್ರಿಯಂ ಆರ್ ಮೆಥಿಯಂ ಆರ್ ವೆಗೋಲೈಸೆನ್ (ಶೀರ್ಷಿಕೆ, ಸಾರಾಂಶ)
3. 1 ಆರ್ 2
4. ಲಂಗ್ ಆರ್ ಪಲ್ಮನರಿ ಆರ್ ನ್ಯೂಮೊನೈಟಿಸ್ ಆರ್ ಫೈಬ್ರೋಸಿಸ್
5. 3 ಆ್ಯಂಡ್ 4
ಮಿತಿಗಳು: ಭಾಷೆಯ ಮಿತಿ ಇಲ್ಲ, ವರ್ಷದ ಮಿತಿ ಇಲ್ಲ. ಪ್ರತಿ ಸಾಲಿಗೆ ಸಿಕ್ಕ ದಾಖಲೆಗಳ ಸಂಖ್ಯೆ ಪಕ್ಕದಲ್ಲಿ.
1966ಕ್ಕಿಂತ ಹಿಂದಿನ ಅಚ್ಚಿನ ಸೂಚಿಗಳು: ನೋಡಿಲ್ಲ.

ಕೊನೆಯ ಸಾಲು ನೋಡಿ. ಒಂದೇ ಪದದ ಉತ್ತರ. ಕಮಿಟಿಯಲ್ಲಿ ಒಬ್ಬ ಹಿರಿಯ ಫಾರ್ಮಕಾಲಜಿ ಪ್ರೊಫೆಸರ್ ಇದ್ದರೂ ಸಾಕು. ‘ಈ ಔಷಧ ಬಳಕೆಯಲ್ಲಿದ್ದದ್ದೇ ಐವತ್ತರ ದಶಕದಲ್ಲಿ, ಅದನ್ನೇ ನೋಡಿಲ್ವಾ?’ ಎಂದು ಕೇಳುತ್ತಿದ್ದರು. ‘ಪಬ್‌ಮೆಡ್ ಹುಡುಕಲಾಗಿದೆ’ ಎಂದು ಬರೆದರೆ ಆ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಆ ವಾಕ್ಯ ಕೇಳಿದವರಿಗೆ ಎಲ್ಲವನ್ನೂ ಹುಡುಕಿದ ಹಾಗೆ ಅನ್ನಿಸುತ್ತದೆ.

ಆಮೇಲೆ ಬಂದ ನಿಯಮಗಳು

ರಿವ್ಯೂ ಬರೆಯುವವರಿಗೆ ಇವತ್ತು ದಾರಿ ಸ್ಪಷ್ಟವಾಗಿದೆ. ರಿವ್ಯೂವನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ 2009ರ ಪ್ರಿಸ್ಮಾ ಮಾರ್ಗಸೂಚಿ, ಕನಿಷ್ಠ ಒಂದು ಡೇಟಾಬೇಸಿನ ಪೂರ್ತಿ ಸರ್ಚ್ ಸ್ಟ್ರಾಟಜಿ (ಹುಡುಕಾಟದ ಎಲ್ಲ ಸಾಲುಗಳು) ಕೊಡಿ ಎಂದಿತ್ತು. ಪ್ರಿಸ್ಮಾ 2020 ಎಲ್ಲ ಡೇಟಾಬೇಸ್, ರಿಜಿಸ್ಟರ್, ವೆಬ್‌ಸೈಟ್‌ಗಳದ್ದೂ ಕೊಡಿ ಎಂದಿತು. ಹುಡುಕಾಟಕ್ಕಷ್ಟೇ ಮೀಸಲಾದ ಪ್ರಿಸ್ಮಾ-ಎಸ್ 2021ರಲ್ಲಿ ಬಂತು. ಮೆಲಿಸ್ಸಾ ರೆಥ್ಲೆಫ್ಸೆನ್ ಎಂಬ ಲೈಬ್ರರಿಯನ್ ಮುಂದಾಳತ್ವದಲ್ಲಿ ತಯಾರಾದ ಅದರಲ್ಲಿ 16 ಅಂಶಗಳಿವೆ.

16ನ್ನೂ ಇಲ್ಲಿ ಒಪ್ಪಿಸುವುದಿಲ್ಲ. ನಮ್ಮ ಹುಡುಗರು ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ.

ಡೇಟಾಬೇಸ್ ಬೇರೆ, ವೇದಿಕೆ ಬೇರೆ. ಮೆಡ್‌ಲೈನ್ ಅನ್ನು ಪಬ್‌ಮೆಡ್‌ನಲ್ಲೂ ಹುಡುಕಬಹುದು, ಓವಿಡ್‌ನಲ್ಲೂ ಹುಡುಕಬಹುದು. ಬರೆಯುವ ವ್ಯಾಕರಣ ಬೇರೆ, ಸಿಗುವ ಸಂಖ್ಯೆಯೂ ಬೇರೆ. ವೆಬ್ ಆಫ್ ಸೈನ್ಸ್‌ನಲ್ಲಂತೂ ಯಾವ ಸಂಸ್ಥೆ ಎಷ್ಟಕ್ಕೆ ಚಂದಾ ಕಟ್ಟಿದೆಯೋ ಅಷ್ಟೇ ಕಾಣುತ್ತದೆ. ನಮ್ಮ ಕಡೆ ಹೆಲಿನೆಟ್ (ರಾಜೀವ್ ಗಾಂಧಿ ಆರೋಗ್ಯ ವಿವಿಯ ಡಿಜಿಟಲ್ ಲೈಬ್ರರಿ ಜಾಲ) ಮೂಲಕ ಓದುವವರಿಗೂ ಇದೇ ಮಾತು. ಈ ವರ್ಷ ಸಿಕ್ಕ ಸಂಗ್ರಹ ಮುಂದಿನ ವರ್ಷ ಹಾಗೇ ಇರಬೇಕೆಂದಿಲ್ಲ.

ಸರ್ಚ್ ಸಾಲುಗಳನ್ನು ಹುಡುಕಿದ ಹಾಗೇ ನಕಲು ಮಾಡಿ ಅಂಟಿಸಬೇಕು. ನೆನಪಿನಿಂದ ಟೈಪ್ ಮಾಡಬಾರದು, ‘ಚೆಂದ’ ಮಾಡಬಾರದು. ಒಂದು ಆವರಣ ಚಿಹ್ನೆ ಜಾಗ ಬದಲಿಸಿದರೆ ಆ್ಯಂಡ್ ಮತ್ತು ಆರ್ ಕೂಡುವ ರೀತಿಯೇ ಬದಲಾಗುತ್ತದೆ.

ದಿನಾಂಕದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ. ‘ಪಬ್‌ಮೆಡ್’ ಎಂಬ ಹೆಸರು ಒಂದೇ, ಒಳಗಿನ ವಸ್ತು ಬದಲಾಗುತ್ತಲೇ ಇರುತ್ತದೆ. 2001ರಲ್ಲಿ 1966ಕ್ಕೆ ನಿಲ್ಲುತ್ತಿದ್ದ ಅದು, ಓಲ್ಡ್‌ಮೆಡ್‌ಲೈನ್ ದಾಖಲೆಗಳು ಸೇರಿದ ಮೇಲೆ ಈಗ 1946ರವರೆಗೂ ಹೋಗುತ್ತದೆ. 2020ರಲ್ಲಿ ಹೊಸ ಪಬ್‌ಮೆಡ್ ಬಂದಾಗ ಪದದ ಬುಡ ಬರೆದು, ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ಅದರ ಬೇರೆಬೇರೆ ರೂಪಗಳನ್ನು ಹುಡುಕುವ ರೀತಿ ಬದಲಾಯಿತು. ಮೊದಲು ಒಂದು ನಕ್ಷತ್ರಕ್ಕೆ 600 ರೂಪಗಳನ್ನಷ್ಟೇ ಹುಡುಕುತ್ತಿತ್ತು, ಈಗ ಆ ಮಿತಿ ಇಲ್ಲ. ವಿಷಯಪದಗಳ ಪಟ್ಟಿ ಪ್ರತಿ ವರ್ಷ ಹೊಸದಾಗುತ್ತದೆ. ದಿನಾಂಕ ಇಲ್ಲದ ‘ಪಬ್‌ಮೆಡ್’ ಎಂದರೆ ಯಾವ ಪಬ್‌ಮೆಡ್? ‘2015ರಿಂದ 2024ರವರೆಗೆ’ ಎಂದು ಲೇಖನಗಳ ವರ್ಷ ಬರೆದು, ಹುಡುಕಿದ ದಿನ ಬರೆಯದೇ ಬಿಡುವವರು ಬಹಳ. ಎರಡೂ ಬೇರೆಬೇರೆ.

ಗೂಗಲ್ ಸ್ಕಾಲರ್ ಬಗ್ಗೆ: ಅದು ಎಷ್ಟೇ ಲಕ್ಷ ಎಂದು ತೋರಿಸಿದರೂ ನೋಡಲು ಕೊಡುವುದು 1000 ಫಲಿತಾಂಶ ಮಾತ್ರ. ಎಷ್ಟನೆಯದರವರೆಗೆ ನೋಡಿದಿರಿ ಎಂದು ಬರೆಯಿರಿ. ಮೊದಲ ಎರಡು ಪುಟ ಮಾತ್ರ ನೋಡಿದ್ದರೆ ಹಾಗೇ ಬರೆಯಿರಿ. ಅದರಲ್ಲಿ ನಾಚಿಕೆ ಏನಿಲ್ಲ.

ನಿಯಮ ಬಂದ ಮಾತ್ರಕ್ಕೆ ಎಲ್ಲರೂ ಪಾಲಿಸುತ್ತಾರೆ ಎಂದಲ್ಲ. ರೆಥ್ಲೆಫ್ಸೆನ್ ಮತ್ತು ಜೊತೆಗಾರರು 100 ಸಿಸ್ಟಮ್ಯಾಟಿಕ್ ರಿವ್ಯೂಗಳ 453 ಹುಡುಕಾಟಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಪೂರ್ತಿಯಾಗಿ ಮತ್ತೆ ಮಾಡಿ ನೋಡಲು ಬೇಕಾದ ವಿವರ ಇದ್ದದ್ದು ಒಂದೇ ಒಂದು ರಿವ್ಯೂನಲ್ಲಿ. ಇವು ‘ಸಿಸ್ಟಮ್ಯಾಟಿಕ್’ ಎಂದು ತಾವೇ ಕರೆದುಕೊಂಡ ಲೇಖನಗಳು.

ನಮ್ಮ ಮೇಜಿನ ಮೇಲೆ

ಸ್ವಲ್ಪ ಹಿಂದೆ ಸ್ತ್ರೀರೋಗ ವಿಭಾಗದ ಒಬ್ಬ ಪಿಜಿ ನನ್ನ ಬಳಿ ಬಂದಳು. ಗರ್ಭಿಣಿಯರ ರಕ್ತಹೀನತೆಗೆ ಐರನ್ ಸುಕ್ರೋಸ್ ಬಗ್ಗೆ ರಿವ್ಯೂ. ಹುಡುಕಾಟ ಮುಗಿದಿದೆ, ಸುಮ್ನೆ ಒಂದು ಸಲ ನೋಡಿ ಅಂದಳು. ಲ್ಯಾಪ್‌ಟಾಪ್‌ನಲ್ಲಿ ಲೇಖನಗಳು ಇದ್ದವು, ಹುಡುಕಿದ ಸಾಲು ಇರಲಿಲ್ಲ.

“ಅನೀಮಿಯಾ ಅನ್ನುವುದನ್ನು ಬ್ರಿಟಿಷ್ ಕಾಗುಣಿತದಲ್ಲೂ ಹಾಕಿದ್ರಾ ಡಾಕ್ಟ್ರೇ?” ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು. “ಹಾಕಿದೀನಿ ಅನ್ಸುತ್ತೆ ಮೇಡಂ. ನೆನಪಿಲ್ಲ.”

ಅವಳದು ಕೆಟ್ಟ ಹುಡುಕಾಟ ಆಗಿರಲಿಲ್ಲ. ಒಳ್ಳೆಯದೇ ಇದ್ದಿರಬಹುದು. ಆದರೆ ಒಳ್ಳೆಯದೋ ಅಲ್ಲವೋ ಎಂದು ಅವಳಿಗೂ ಹೇಳಲಾಗಲಿಲ್ಲ, ನನಗೂ ಆಗಲಿಲ್ಲ. ಅವಳ ಪಬ್‌ಮೆಡ್ ಹಿಸ್ಟರಿ ಅಷ್ಟರಲ್ಲಿ ಅಳಿಸಿಹೋಗಿತ್ತು. ಕೆಲಸ ಮಾಡದೆ ಸ್ವಲ್ಪ ಹೊತ್ತು ಬಿಟ್ಟರೆ ಅದು ತಾನೇ ಖಾಲಿಯಾಗುತ್ತದೆ.

ಆಗ ಅವಳಿಗೆ ಹೆಕ್ಸಮೆಥೋನಿಯಂ ಕತೆ ಹೇಳಿದೆ. ಕೇಳಿ ಮುಗಿಸಿ ಅವಳು ಪಬ್‌ಮೆಡ್ ತೆರೆದು ಆ ಔಷಧದ ಹೆಸರಿನ ಜೊತೆ ‘ಲಂಗ್’ ಎಂದು ಹಾಕಿದಳು. 1954ಕ್ಕೆ ಗಡಿ ಹಾಕಿ ನೋಡಿದಳು. ಬ್ರಿಟಿಷ್ ಹಾರ್ಟ್ ಜರ್ನಲ್‌ನ ಲೇಖನ ಈಗ ಅಲ್ಲೇ ಇದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ.

ಆಮೇಲೆ ಒಂದು ಹೊಸ ವರ್ಡ್ ಫೈಲ್ ತೆರೆದಳು. ಮೊದಲ ಸಾಲಲ್ಲಿ ಆ ದಿನದ ತಾರೀಕು ಹಾಕಿದಳು. ಎರಡನೇ ಸಾಲಲ್ಲಿ ‘ಮೆಡ್‌ಲೈನ್, ಪಬ್‌ಮೆಡ್ ಮೂಲಕ’ ಎಂದು ಬರೆದಳು. “ಮೇಡಂ, ಎಲ್ಲ ಮೊದಲಿಂದ ಮಾಡ್ತೀನಿ. ನೋಡದೇ ಇರೋದನ್ನೂ ಕೊನೆಯಲ್ಲಿ ಬರೀಬೇಕಾ?”

“ಬರೀರಿ,” ಅಂದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅನೀಮಿಯಾದ ಎರಡೂ ಕಾಗುಣಿತಗಳಿಂದ ಶುರು ಮಾಡಿದೆವು.